ಬಿಸಿನೀರು ಖಾತ್ರಿ, ಬೆಟ್ಟ ಅದೃಷ್ಟ: ಜಪಾನಿನಲ್ಲಿ ಒಂದು ದಿನ ಸಿಕ್ಕರೆ ಎಲ್ಲಿಗೆ?

ಜಪಾನಿಗೆ ಹೊರಟವರ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಟೋಕಿಯೊ ಮೂರ್ನಾಲ್ಕು ದಿನ, ಕ್ಯೋಟೊ ಮೂರು ದಿನ, ಒಸಾಕಾ ಒಂದೆರಡು ದಿನ. ನಡುವೆ ಒಂದು ದಿನ ಖಾಲಿ ಬಿಟ್ಟು, ಅಲ್ಲಿ ‘ಒನ್ಸೆನ್, ಬೆಟ್ಟ’ ಅಂತ ಬರೆದಿರುತ್ತಾರೆ. ಒನ್ಸೆನ್ ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನದ ಕೊಳ. ಗೊಂದಲ ಶುರುವಾಗೋದು ಅಲ್ಲಿಂದಲೇ. ಹಕೋನೆಗೆ ಹೋಗಿ ಅಂತ ಒಬ್ಬರು, ಫುಜಿ ನೋಡಬೇಕಾದರೆ ಕವಾಗುಚಿಕೊ ಅಂತ ಇನ್ನೊಬ್ಬರು, ಕುಸಾತ್ಸು ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ ಅಂತ ಮತ್ತೊಬ್ಬರು. ಎಲ್ಲರೂ ಹೇಳೋದು ಅವರವರ ಮಟ್ಟಿಗೆ ನಿಜ. ನಿಮಗೆ ಯಾವುದು ಸರಿ ಅನ್ನೋದಕ್ಕೆ ಮಾತ್ರ ಸ್ವಲ್ಪ ಲೆಕ್ಕ ಹಾಕಬೇಕು.

ಲೆಕ್ಕದ ಮೊದಲ ಪ್ರಶ್ನೆ ಇದು: ಬೆಟ್ಟ ಕಾಣದೇ ಹೋದರೂ ಆ ದಿನ ಚೆನ್ನಾಗಿರುತ್ತದಾ? ಬಿಸಿನೀರು ಎಲ್ಲೂ ಓಡಿಹೋಗುವುದಿಲ್ಲ. ಮಳೆ ಬಂದರೂ ಇರುತ್ತದೆ, ಹಿಮ ಬಿದ್ದರೆ ಇನ್ನೂ ಚೆಂದ. ಬೆಟ್ಟ ಹಾಗಲ್ಲ. 3,776 ಮೀಟರ್ ಎತ್ತರದ ಫುಜಿ ಕೂಡ ಒಂದು ಮೋಡದ ಹಿಂದೆ ಪೂರ್ತಿ ಮಾಯವಾಗುತ್ತದೆ. ಎದುರಿಗೇ ನಿಂತಿದ್ದರೂ ಅಲ್ಲೊಂದು ಬೆಟ್ಟ ಇದೆ ಅಂತ ಗೊತ್ತಾಗುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಹೊತ್ತು ಕಾಣುವ ಸಾಧ್ಯತೆ ಚೆನ್ನಾಗಿದೆ. ಜೂನ್, ಜುಲೈ ಮಳೆಗಾಲದಲ್ಲಿ ಆಸೆ ಕಮ್ಮಿ ಇಟ್ಟುಕೊಳ್ಳಿ. ನಮ್ಮವರು ಜಾಸ್ತಿ ಹೋಗೋದು ಏಪ್ರಿಲ್, ಮೇ ರಜೆಯಲ್ಲಿ ಅಲ್ವಾ? ಆಗ ಎರಡೂ ಆಗಬಹುದು, ಅರ್ಧಕ್ಕರ್ಧ.

ಎರಡನೆಯದು, ಹಿಂದಿನ ರಾತ್ರಿ ಎಲ್ಲಿ ಮಲಗಿರುತ್ತೀರಿ ಅನ್ನೋದು. ಒಸಾಕಾದಲ್ಲಿ ಇದ್ದುಕೊಂಡು ಕುಸಾತ್ಸುವಿಗೆ ಹೋಗಿಬರುವ ಮಾತೇ ಬೇಡ. ಹೋಗುವುದಕ್ಕೆ ಎರಡೂವರೆ ಗಂಟೆಗಿಂತ ಜಾಸ್ತಿ ಹಿಡಿದರೆ ಅದು ಒಂದು ದಿನದ ಜಾಗವಲ್ಲ, ಒಂದು ರಾತ್ರಿ ಉಳಿಯುವ ಜಾಗ.

ಮೂರನೆಯದು ಸಂಕೋಚ. ಇದನ್ನು ಬಿಡಿಸಿಯೇ ಹೇಳಬೇಕು. ಒನ್ಸೆನ್‌ನಲ್ಲಿ ಮೈಮೇಲೆ ಏನೂ ಇಲ್ಲದೆ ಇಳಿಯಬೇಕು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಕೊಳ ಇರುತ್ತದೆ ನಿಜ, ಆದರೆ ಬನಿಯನ್ನು, ಚಡ್ಡಿ, ಈಜುಡುಗೆ ಯಾವುದೂ ನಡೆಯುವುದಿಲ್ಲ. ಮೊದಲು ಸಣ್ಣ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ಮೈ ತೊಳೆದುಕೊಳ್ಳಬೇಕು. ಉದ್ದ ಕೂದಲನ್ನು ಕಟ್ಟಿಕೊಳ್ಳಬೇಕು. ಸಣ್ಣ ಟವಲನ್ನು ನೀರಿಗೆ ಅದ್ದದೆ ತಲೆಮೇಲೋ ದಂಡೆಮೇಲೋ ಇಡಬೇಕು. ಯಾರೂ ಯಾರನ್ನೂ ನೋಡುವುದಿಲ್ಲ, ಐದು ನಿಮಿಷಕ್ಕೆ ಅಭ್ಯಾಸ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೂ ಅತ್ತೆ ಸೊಸೆ ಒಟ್ಟಿಗೆ ಹೋದಾಗ ಆ ಐದು ನಿಮಿಷ ಬಹಳ ಉದ್ದ. ಅಂಥವರಿಗೆ ಮೂರು ದಾರಿ ಇದೆ. ಒಂದು, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಖಾಸಗಿ ಕೊಳ. ಇದಕ್ಕೆ ‘ಕಶಿಕಿರಿ’ ಅಂತ ಕೇಳಬೇಕು. ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಇಳಿಯಬಹುದು, ಕೆಲವು ಸಾವಿರ ಯೆನ್ ಆಗುತ್ತದೆ. ಎರಡು, ಈಜುಡುಗೆ ಹಾಕಿಕೊಂಡೇ ಹೋಗುವ ಜಾಗ. ಮೂರು, ಕಾಲಷ್ಟೇ ಅದ್ದುವ ‘ಆಶಿಯು’. ಬಹುಪಾಲು ಬಿಸಿನೀರಿನ ಊರುಗಳಲ್ಲಿ ಇದು ಪುಕ್ಕಟೆ. ಪ್ಯಾಂಟು ಮಡಚಿ ಕೂತರೆ ಮುಗಿಯಿತು. ಮೈಮೇಲೆ ಹಚ್ಚೆ ಇದ್ದವರನ್ನು ಹಲವು ಕಡೆ ಒಳಗೆ ಬಿಡುವುದಿಲ್ಲ. ಅವರಿಗೂ ಖಾಸಗಿ ಕೊಳವೇ ಗತಿ.

ದುಡ್ಡಿನ ವಿಷಯದಲ್ಲಿ ಒಂದು ಮಾತು ನೆನಪಿಡಿ. ಸ್ನಾನ ಅಗ್ಗ, ಪ್ರಯಾಣ ದುಬಾರಿ. ಸಾರ್ವಜನಿಕ ಕೊಳಕ್ಕೆ ಸಾವಿರ ಯೆನ್ ಆಸುಪಾಸು ಕೊಟ್ಟರೆ ಆಯಿತು, ಒಂದು ಯೆನ್ ಅಂದರೆ ಅರ್ಧ ರೂಪಾಯಿಗಿಂತ ಸ್ವಲ್ಪ ಜಾಸ್ತಿ ಅಂತ ಇಟ್ಟುಕೊಳ್ಳಿ. ಆದರೆ ಅಲ್ಲಿಗೆ ಮುಟ್ಟುವ ರೈಲು, ಬಸ್ಸು, ರೋಪ್‌ವೇ ಸೇರಿದರೆ ಒಬ್ಬರಿಗೆ ಐದರಿಂದ ಹನ್ನೆರಡು ಸಾವಿರ ಯೆನ್ ಸಲೀಸಾಗಿ ಹೋಗುತ್ತದೆ. ಇನ್ನು ಮಂಡಿ ನೋವು, ಸಸ್ಯಾಹಾರ, ಸಣ್ಣ ಮಕ್ಕಳು. ಇವನ್ನು ಆಯಾ ಜಾಗದಲ್ಲೇ ಹೇಳುತ್ತೇನೆ.

ಹಕೋನೆ

ಮೊದಲ ಸಲ ಜಪಾನಿಗೆ ಹೋಗುವವರಿಗೆ, ಅದರಲ್ಲೂ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ, ನನ್ನ ಮೊದಲ ಆಯ್ಕೆ ಇದೇ. ಕಾರಣ ಮೇಲಿನ ಮೊದಲ ಪ್ರಶ್ನೆ. ಫುಜಿ ಕಾಣದೇ ಹೋದರೂ ಹಕೋನೆಯಲ್ಲಿ ದಿನ ಹಾಳಾಗುವುದಿಲ್ಲ.

ಟೋಕಿಯೊದ ಶಿಂಜುಕುವಿನಿಂದ ಒಡಾಕ್ಯು ಕಂಪನಿಯ ರೊಮ್ಯಾನ್ಸ್‌ಕಾರ್ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಹಕೋನೆ ಯುಮೊಟೊ. ಅಲ್ಲಿಂದ ಬೆಟ್ಟದ ರೈಲು. ಹನ್ನೆರಡೂವರೆ ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವಷ್ಟು ಕಡಿದಾದ ಹಳಿ. ಹತ್ತಲಾರದ ಮೂರು ಕಡೆ ರೈಲು ನಿಂತು, ಹಿಂದುಮುಂದಾಗಿ, ಅಂಕುಡೊಂಕಾಗಿ ಏರುತ್ತದೆ. ಪ್ರತಿ ಸಲವೂ ಡ್ರೈವರ್ ಮತ್ತು ಕಂಡಕ್ಟರ್ ಇಳಿದು ಜಾಗ ಬದಲಾಯಿಸಿಕೊಳ್ಳುತ್ತಾರೆ. ಗೋರಾದಲ್ಲಿ ಇಳಿದು ಕೇಬಲ್ ಕಾರ್, ಆಮೇಲೆ ರೋಪ್‌ವೇ. ಕೆಳಗೆ ಓವಾಕುದಾನಿ ಕಣಿವೆ, ಹಳದಿ ಗಂಧಕದ ನೆಲದಿಂದ ಬುಸುಬುಸು ಹಬೆ. ಆ ಬಿಸಿನೀರಲ್ಲಿ ಬೇಯಿಸಿದ ಕಪ್ಪು ಸಿಪ್ಪೆಯ ಮೊಟ್ಟೆ ಒಂದು ತಿಂದರೆ ಏಳು ವರ್ಷ ಆಯಸ್ಸು ಜಾಸ್ತಿ ಅಂತ ನಂಬಿಕೆ. ಆಕಾಶ ತಿಳಿಯಾಗಿದ್ದರೆ ಫುಜಿ ಕಾಣೋದು ಇಲ್ಲೇ. ಮುಂದೆ ಆಶಿ ಸರೋವರಕ್ಕೆ ಇಳಿದು ಹಡಗು, ಆಮೇಲೆ ಬಸ್ಸು. ಇದೆಲ್ಲಕ್ಕೂ ಸೇರಿ ಹಕೋನೆ ಫ್ರೀಪಾಸ್ ಅಂತ ಒಂದು ಟಿಕೆಟ್ ಇದೆ. ಶಿಂಜುಕುವಿನಿಂದ ಆರೇಳು ಸಾವಿರ ಯೆನ್, ಎರಡು ದಿನ ನಡೆಯುತ್ತದೆ. ರೊಮ್ಯಾನ್ಸ್‌ಕಾರ್ ಸೀಟಿಗೆ ಬೇರೆ ಕೊಡಬೇಕು.

ತೊಡಕು ಇರೋದು ಇಲ್ಲೇ. ಈ ಸುತ್ತು ಪೂರ್ತಿ ಮಾಡಿದರೆ ಸಂಜೆಯಾಗುತ್ತದೆ, ಸ್ನಾನಕ್ಕೆ ಉಳಿಯೋದು ಅವಸರದ ಅರ್ಧ ಗಂಟೆ. ರಜಾದಿನಗಳಲ್ಲಿ ರೋಪ್‌ವೇಗೆ ದೊಡ್ಡ ಸಾಲು ಬೇರೆ. ಎರಡರಲ್ಲಿ ಒಂದನ್ನು ಮೊದಲೇ ಆರಿಸಿಕೊಳ್ಳಿ. ಸುತ್ತಾಟವೇ ಮುಖ್ಯ ಅಂದರೆ ಕಾಲು ಅದ್ದಿ ತೃಪ್ತಿಪಡಿ. ರೋಪ್‌ವೇ ಶುರುವಾಗುವ ಸೋಉನ್ಜಾನ್ ನಿಲ್ದಾಣದಲ್ಲಿ ಬೆಟ್ಟ ನೋಡುತ್ತಾ ಕೂರುವ ಆಶಿಯು ಇದೆ. ನೀರೇ ಮುಖ್ಯ ಅಂದರೆ ಓವಾಕುದಾನಿವರೆಗೆ ಬೆಳಗ್ಗೆಯೇ ಹೋಗಿ ಹಾಗೇ ವಾಪಸು ಇಳಿಯಿರಿ, ಹಡಗು ಬಿಡಿ. ಮಧ್ಯಾಹ್ನ ಪೂರ್ತಿ ಯುಮೊಟೊ ಹತ್ತಿರದ ಕೊಳಗಳಿಗೆ. ತೆನ್ಜಾನ್‌ನಲ್ಲಿ ಮರಗಳ ನಡುವೆ ಬಯಲು ಕೊಳಗಳಿವೆ. ಹಕೋನೆ ಯುರ್ಯೊದಲ್ಲಿ ಖಾಸಗಿ ಕೋಣೆಗಳು ಸಿಗುತ್ತವೆ, ಮುಂಚೆ ಬುಕ್ ಮಾಡಬೇಕು. ಮಕ್ಕಳಿದ್ದರೆ ಯುನೆಸ್ಸನ್, ಅಲ್ಲಿ ಈಜುಡುಗೆಯಲ್ಲೇ ಎಲ್ಲರೂ ಒಟ್ಟಿಗೆ ಇಳಿಯಬಹುದು. ನಿಜವಾದ ಒನ್ಸೆನ್ ಅನುಭವ ಅಂತ ನಾನು ಅದನ್ನು ಕರೆಯಲಾರೆ, ನೀರಿನ ಆಟದ ಪಾರ್ಕ್ ಅದು. ಆದರೆ ಎಂಟು ವರ್ಷದ ಹುಡುಗನ ಅಭಿಪ್ರಾಯ ಬೇರೆ ಇರುತ್ತದೆ.

ಎರಡು ಎಚ್ಚರಿಕೆ. ಜೋರು ಗಾಳಿ ಬಂದರೆ, ಗಂಧಕದ ಹೊಗೆ ಜಾಸ್ತಿಯಾದರೆ ರೋಪ್‌ವೇ ನಿಲ್ಲಿಸುತ್ತಾರೆ. 2015ರಲ್ಲಿ ಸಣ್ಣ ಸ್ಫೋಟವೂ ಆಗಿತ್ತು. ಅಸ್ತಮಾ, ಹೃದಯದ ತೊಂದರೆ ಇರುವವರು ಮತ್ತು ಬಸುರಿಯರು ಓವಾಕುದಾನಿಯಲ್ಲಿ ಇಳಿಯದಿರುವುದೇ ಒಳ್ಳೆಯದು.

ಹಕೋನೆಗೆ ಇನ್ನೊಂದು ಅನುಕೂಲ ಇದೆ. ಟೋಕಿಯೊದಿಂದ ಕ್ಯೋಟೊಗೆ ಹೋಗುವ ಶಿಂಕಾನ್ಸೆನ್ (ಬುಲೆಟ್ ರೈಲು) ದಾರಿಯಲ್ಲೇ ಒಡಾವರಾ ನಿಲ್ದಾಣ ಬರುತ್ತದೆ. ಬೆಳಗ್ಗೆ ಟೋಕಿಯೊ ಬಿಟ್ಟು, ಹಕೋನೆ ಮುಗಿಸಿ, ರಾತ್ರಿ ಕ್ಯೋಟೊದಲ್ಲಿ ಮಲಗಬಹುದು. ದೊಡ್ಡ ಸೂಟ್‌ಕೇಸನ್ನು ಹಿಂದಿನ ದಿನವೇ ಹೋಟೆಲಿನಿಂದ ಕೊರಿಯರ್‌ನಲ್ಲಿ ಕ್ಯೋಟೊಗೆ ಕಳಿಸಿಬಿಡಿ. ಒಂದೇ ನೆನಪಿಡಬೇಕಾದ್ದು, ನೊಜೊಮಿ ರೈಲು ಒಡಾವರಾದಲ್ಲಿ ನಿಲ್ಲುವುದಿಲ್ಲ. ಕೊಡಾಮಾ ನಿಲ್ಲುತ್ತದೆ, ಹಿಕಾರಿ ಕೆಲವು ಮಾತ್ರ.

ಕವಾಗುಚಿಕೊ

ಫುಜಿಯೇ ಬೇಕು, ಅದೂ ಕಣ್ತುಂಬ ಬೇಕು ಅನ್ನುವವರಿಗೆ ಈ ಸರೋವರದ ಊರು. ಹಕೋನೆಯಲ್ಲಿ ಫುಜಿ ದೂರದ ತ್ರಿಕೋನ, ಇಲ್ಲಿ ಇಡೀ ಆಕಾಶದ ಅರ್ಧ. ಬುಡದಿಂದ ತುದಿಯವರೆಗೆ ಕಾಣುತ್ತದೆ.

ಹಾಗಾಗಿ ಕಳೆದುಕೊಳ್ಳುವುದೂ ಇಲ್ಲೇ ಜಾಸ್ತಿ. ಮೋಡ ಮುಚ್ಚಿದರೆ ಇಲ್ಲಿ ಉಳಿಯೋದು ಒಂದು ಸರೋವರ ಮತ್ತು ಅಂಗಡಿ ಸಾಲು. ಮುಂಚೆಯೇ ದಿನ ಗಟ್ಟಿ ಮಾಡಬೇಡಿ ಅಂತ ಹೇಳೋದು ಅದಕ್ಕೇ. ಫುಜಿ ತೋರಿಸುವ ಲೈವ್ ಕ್ಯಾಮೆರಾಗಳು ಬೇಕಾದಷ್ಟಿವೆ. ಟೋಕಿಯೊದಲ್ಲಿ ಇರುವ ದಿನಗಳಲ್ಲಿ ಯಾವುದು ತಿಳಿಯಾಗಿದೆಯೋ ಆ ದಿನ ಹೊರಡಿ. ಹಾಗೆ ದಿನ ಹಿಂದೆಮುಂದೆ ಮಾಡಲು ಆಗದವರು ಕವಾಗುಚಿಕೊ ಬಿಟ್ಟು ಹಕೋನೆ ಆರಿಸುವುದೇ ಜಾಣತನ.

ಶಿಂಜುಕುವಿನಿಂದ ಬಸ್ಸಿಗೆ ಎರಡು ಗಂಟೆ ಹತ್ತಿರ ಹಿಡಿಯುತ್ತದೆ, ಸುಮಾರು ಎರಡು ಸಾವಿರ ಯೆನ್ ಚಿಲ್ಲರೆ. ನಾನಿಲ್ಲಿ ಹೇಳುತ್ತಿರುವ ಐದು ಜಾಗಗಳಲ್ಲಿ ಕಡಿಮೆ ಖರ್ಚಿನದು ಟೋಕಿಯೊ ಕಡೆಯಿಂದ ಇದೇ. ಫುಜಿ ಎಕ್ಸ್‌ಕರ್ಶನ್ ಅನ್ನುವ ನೇರ ರೈಲೂ ಇದೆ, ಹೆಚ್ಚುಕಡಿಮೆ ದುಪ್ಪಟ್ಟು ದುಡ್ಡು, ಎಲ್ಲಾ ಸೀಟೂ ರಿಸರ್ವ್. ಇದರ ಟಿಕೆಟ್ ಬೇಗ ಖಾಲಿಯಾಗುವುದರಿಂದ, ಕೊನೇ ಗಳಿಗೆಯಲ್ಲಿ ದಿನ ಆರಿಸುವವರಿಗೆ ಬಸ್ಸೇ ಸರಿ. ಭಾನುವಾರ ಸಂಜೆ ಟೋಕಿಯೊ ಕಡೆಗೆ ವಾಪಸು ಬರುವ ಬಸ್ಸು ಮಾತ್ರ ಬೇಡ. ಟ್ರಾಫಿಕ್ ಜಾಮಿನಲ್ಲಿ ಸ್ನಾನದ ಹಿತವೆಲ್ಲ ಇಳಿದುಹೋಗುತ್ತದೆ.

ಸ್ನಾನದ ಮಟ್ಟಿಗೆ ಕವಾಗುಚಿಕೊ ಹಕೋನೆಯ ಸಮಕ್ಕೆ ಬರುವುದಿಲ್ಲ. ಫುಜಿ ಕಾಣುವ ಒಳ್ಳೊಳ್ಳೆಯ ಕೊಳಗಳು ಜಾಸ್ತಿ ಇರೋದು ಹೋಟೆಲುಗಳ ಒಳಗೆ, ರಾತ್ರಿ ಉಳಿದವರಿಗೆ. ಹಗಲು ಹೋಗಿ ಬರುವವರಿಗೆ ಫುಜಿಕ್ಯು ಹೈಲ್ಯಾಂಡ್ ಅನ್ನುವ ಅಮ್ಯೂಸ್‌ಮೆಂಟ್ ಪಾರ್ಕ್ ಪಕ್ಕದ ಫುಜಿಯಾಮಾ ಒನ್ಸೆನ್ ಇದೆ. ನೀರಲ್ಲಿ ಕೂತೇ ಫುಜಿ ನೋಡಬೇಕಾದರೆ ಪಕ್ಕದ ಯಮನಾಕಾ ಸರೋವರದ ಬಳಿಯ ಬೆನಿಫುಜಿ ನೊ ಯುಗೆ ಬಸ್ಸು ಹಿಡಿಯಬೇಕು. ಕೊಳದೊಳಗೆ ಫೋನ್ ಒಯ್ಯುವಂತಿಲ್ಲ. ಆ ನೋಟ ಫೋಟೋಗೆ ಸಿಗುವುದಿಲ್ಲ.

ಐದಂತಸ್ತಿನ ಕೆಂಪು ಪಗೋಡಾ ಹಿಂದೆ ಫುಜಿ ಇರುವ ಚಿತ್ರ ನೋಡಿರುತ್ತೀರಿ. ಅದು ಶಿಮೊಯೊಶಿದಾ ನಿಲ್ದಾಣದ ಹತ್ತಿರದ ಚುರೈತೊ. 398 ಮೆಟ್ಟಿಲು. ಮಂಡಿ ನೋವಿರುವವರು ಅಲ್ಲಿಗೆ ಹೋಗದೆ ಸರೋವರದ ಉತ್ತರ ದಡದ ಓಯಿಶಿ ಪಾರ್ಕಿಗೆ ಹೋಗಲಿ, ನೆಲ ಸಮತಟ್ಟು. ಇಲ್ಲಿನ ಜನಜಂಗುಳಿಯೂ ಸಣ್ಣದಲ್ಲ. 2024ರ ಮೇ ತಿಂಗಳಲ್ಲಿ, ಒಂದು ಅಂಗಡಿಯ ಮೇಲೆ ಫುಜಿ ಕೂತಂತೆ ಫೋಟೋ ತೆಗೆಯುವವರ ಕಾಟ ತಾಳಲಾರದೆ ಊರಿನವರು ರಸ್ತೆ ಪಕ್ಕ ಕಪ್ಪು ಪರದೆಯನ್ನೇ ಕಟ್ಟಿದ್ದರು.

ಒಕುಹಿದಾ

ಇದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಬೆಟ್ಟಗಳ ನಡುವಿನ ಊರು ತಕಾಯಾಮಾ ಇದ್ದರೆ ಮಾತ್ರ, ಬೇರೆ ಎಲ್ಲ ಬಿಟ್ಟು ಇದನ್ನೇ ಹಿಡಿಯಿರಿ.

ಫುಜಿ ಒಂಟಿ ಬೆಟ್ಟ. ಇಲ್ಲಿರೋದು ಬೆಟ್ಟಗಳ ಸಾಲು, ಮೂರು ಸಾವಿರ ಮೀಟರ್ ದಾಟಿದ ಶಿಖರಗಳು. ಜಪಾನಿನ ಉತ್ತರ ಆಲ್ಪ್ಸ್ ಅಂತ ಕರೆಯುತ್ತಾರೆ. ತಕಾಯಾಮಾದಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ಚಿಲ್ಲರೆ ಹೋದರೆ ಶಿನ್‌ಹೊತಾಕಾ. ಅಲ್ಲಿಂದ ಎರಡು ಹಂತದ ರೋಪ್‌ವೇ. ಎರಡನೇ ಹಂತದ ಗೊಂಡೊಲಾ ಡಬಲ್ ಡೆಕ್ಕರ್, ಜಪಾನಿನಲ್ಲಿ ಇಂಥದ್ದು ಬೇರೆ ಇಲ್ಲ. ಮೇಲಿನ ನಿಲ್ದಾಣ 2,156 ಮೀಟರ್ ಎತ್ತರದಲ್ಲಿದೆ. ನಡೆಯುವ ಕಷ್ಟ ಇಲ್ಲದೆ ವಯಸ್ಸಾದವರೂ ಅಷ್ಟು ಎತ್ತರಕ್ಕೆ ಹೋಗಿ ಹಿಮದ ಶಿಖರಗಳ ಎದುರು ನಿಲ್ಲಬಹುದು. ಟಿಕೆಟ್ ಹೋಗಿಬರಲು ಮೂರ್ನಾಲ್ಕು ಸಾವಿರ ಯೆನ್. ಮೇಲೆ ಹೇಗಿದೆ ಅಂತ ರೋಪ್‌ವೇಯವರ ಕ್ಯಾಮೆರಾದಲ್ಲಿ ನೋಡಿಯೇ ಟಿಕೆಟ್ ತೆಗೆದುಕೊಳ್ಳಿ. ಬರೀ ಬಿಳಿ ಕಂಡರೆ ಆ ದುಡ್ಡು ಉಳಿಸಿ.

ಉಳಿಸಿದರೂ ದಿನ ವ್ಯರ್ಥವಲ್ಲ. ಇದೇ ಬಸ್ಸಿನ ದಾರಿಯಲ್ಲಿ, ತಕಾಯಾಮಾದಿಂದ ಒಂದು ಗಂಟೆಗೆ, ಹಿರಾಯು ಬರುತ್ತದೆ. ಅಲ್ಲಿನ ಹಿರಾಯು ನೊ ಮೊರಿಯಲ್ಲಿ ಗಂಡಸರು ಹೆಂಗಸರದ್ದು ಸೇರಿ ಹದಿನಾರು ಬಯಲು ಕೊಳಗಳಿವೆ, ಸಾವಿರ ಯೆನ್ ಒಳಗೆ ಸ್ನಾನ. ಒಂದೊಂದು ಕೊಳದ ಬಿಸಿ ಒಂದೊಂದು ಥರ. ಹಕೋನೆಯ ಜನಸಂದಣಿ ಇಲ್ಲಿಲ್ಲ. ಏಪ್ರಿಲ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಹಿರಾಯುನಿಂದ ಕಾಮಿಕೋಚಿ ಕಣಿವೆಗೂ ಬಸ್ಸಿದೆ, ಅರ್ಧ ಗಂಟೆಯೂ ಬೇಡ. ಸ್ವಂತ ಕಾರುಗಳನ್ನು ಆ ಕಣಿವೆಗೆ ಬಿಡುವುದಿಲ್ಲ. ಕಾಮಿಕೋಚಿ, ರೋಪ್‌ವೇ, ಸ್ನಾನ ಮೂರನ್ನೂ ಒಂದೇ ದಿನಕ್ಕೆ ತುರುಕಬೇಡಿ. ಸ್ನಾನ ಇಟ್ಟುಕೊಂಡು ಉಳಿದೆರಡರಲ್ಲಿ ಒಂದು ಆರಿಸಿ.

ತೊಂದರೆ ಅಂದರೆ ದೂರ. ನಗೋಯಾದಿಂದ ತಕಾಯಾಮಾಕ್ಕೇ ರೈಲಿನಲ್ಲಿ ಎರಡೂವರೆ ಗಂಟೆ ಹತ್ತಿರ. ಟೋಕಿಯೊದಿಂದ ಹಗಲಲ್ಲಿ ಹೋಗಿಬರುವ ಜಾಗ ಅಲ್ಲವೇ ಅಲ್ಲ. ಆದರೆ ಹೋಗಿ ವಾಪಸು ಬರಬೇಕು ಅಂತ ಯಾಕೆ ಅಂದುಕೊಳ್ಳಬೇಕು? ತಕಾಯಾಮಾದಿಂದ ಮತ್ಸುಮೊಟೊಗೆ ಹೋಗುವ ಬಸ್ಸು ಹಿರಾಯು ಮೇಲೆಯೇ ಸಾಗುತ್ತದೆ. ಮತ್ಸುಮೊಟೊದಿಂದ ಶಿಂಜುಕುಗೆ ನೇರ ರೈಲು ಇದೆ. ಕ್ಯೋಟೊ ಕಡೆಯಿಂದ ಟೋಕಿಯೊಗೆ ಮರಳುವಾಗ ಈ ದಾರಿ ಹಿಡಿದರೆ ಬೆಟ್ಟ, ಬಿಸಿನೀರು ಎರಡೂ ದಾರಿಯ ಮೇಲೇ ಸಿಗುತ್ತವೆ. ಬಸ್ಸುಗಳು ಕಡಿಮೆ. ವೇಳಾಪಟ್ಟಿ ಮೊದಲು ನೋಡಿ, ಆಮೇಲೆ ಉಳಿದದ್ದನ್ನು ಅದಕ್ಕೆ ಹೊಂದಿಸಿ.

ಕುಸಾತ್ಸು

ಬರೀ ನೀರು ಅಂತ ಸ್ಪರ್ಧೆ ಇಟ್ಟರೆ ಕುಸಾತ್ಸುವೇ ಗೆಲ್ಲುತ್ತದೆ. 1,200 ಮೀಟರ್ ಎತ್ತರದ ಊರು. ನಡು ಊರಿನಲ್ಲೇ ಯುಬತಾಕೆ, ಕುದಿಯುವ ನೀರು ಮರದ ತೊಟ್ಟಿಗಳಲ್ಲಿ ಹರಿದು ತಣಿಯುವ ಜಾಗ. ನಿಮಿಷಕ್ಕೆ 32,000 ಲೀಟರ್‌ಗಿಂತ ಜಾಸ್ತಿ ನೀರು ಈ ಊರಿನಲ್ಲಿ ತಾನಾಗಿ ಉಕ್ಕುತ್ತದೆ. ತಣ್ಣೀರು ಬೆರೆಸಿದರೆ ಸತ್ವ ಹೋಗುತ್ತದೆ ಅಂತ ಉದ್ದನೆಯ ಹಲಗೆಗಳಿಂದ ನೀರನ್ನು ಕದಡಿ ಬಿಸಿ ಇಳಿಸುವ ಪದ್ಧತಿ ಇದೆ. ಅದನ್ನು ಹಾಡು ಹೇಳುತ್ತಾ ಮಾಡಿ ತೋರಿಸುವ ಪ್ರದರ್ಶನವೂ ಇದೆ. ಪುತ್ತೂರಿನ ಹತ್ತಿರದ ಬೆಂದ್ರು ತೀರ್ಥದ ಉಗುರುಬೆಚ್ಚಗಿನ ನೀರು ನೋಡಿದವರಿಗೆ ಇಲ್ಲಿನ ಬಿಸಿ ಅಚ್ಚರಿ ಹುಟ್ಟಿಸುತ್ತದೆ.

ಈ ನೀರು ನಿಂಬೆರಸದಷ್ಟು ಹುಳಿ, ಪಿಎಚ್ ಎರಡರ ಆಸುಪಾಸು. ಗಾಯ ಇದ್ದರೆ ಉರಿಯುತ್ತದೆ, ಕಣ್ಣಿಗೆ ಬಿದ್ದರೆ ಕೇಳಲೇಬೇಡಿ. ಸೂಕ್ಷ್ಮ ಚರ್ಮದವರು ಮತ್ತು ಸಣ್ಣ ಮಕ್ಕಳಿಗೆ ನಾನು ಇದನ್ನು ಹೇಳುವುದಿಲ್ಲ. ಬೆಟ್ಟದ ನೋಟವೂ ಇಲ್ಲಿ ಅಷ್ಟಕ್ಕಷ್ಟೇ. ಸಾಯಿನೊಕವಾರಾದ ದೊಡ್ಡ ಬಯಲು ಕೊಳದಲ್ಲಿ ಕೂತರೆ ಸುತ್ತ ಕಾಡು ಕಾಣುತ್ತದೆ, ಶಿಖರಗಳಲ್ಲ. ಮೇಲಿನ ಶಿರಾನೆ ಬೆಟ್ಟ ಜೀವಂತ ಜ್ವಾಲಾಮುಖಿ, 2018ರ ಜನವರಿಯಲ್ಲಿ ಸ್ಫೋಟವಾಗಿತ್ತು.

ಟೋಕಿಯೊದ ಉಎನೊದಿಂದ ರೈಲಿನಲ್ಲಿ ಎರಡೂವರೆ ಗಂಟೆ ಹತ್ತಿರ, ಮೇಲೆ ಅರ್ಧ ಗಂಟೆ ಬಸ್ಸು. ಹೋಗಿಬರುವುದಕ್ಕೇ ಆರು ಗಂಟೆ. ರಾತ್ರಿ ಉಳಿದರೆ ಮಾತ್ರ ಹೋಗಿ, ದೀಪದ ಬೆಳಕಿನಲ್ಲಿ ಹಬೆಯಾಡುವ ಯುಬತಾಕೆ ನೋಡಬೇಕಾದ್ದೇ. ಸಸ್ಯಾಹಾರಿಗಳಿಗೆ ಒಂದು ಸಮಾಧಾನ, ಬೀದಿಯಲ್ಲಿ ‘ಮಂಜೂ’ ಅನ್ನುವ, ಹಬೆಯಲ್ಲಿ ಬೇಯಿಸಿದ ಬಿಸಿಬಿಸಿ ಬನ್ನು ಸಿಗುತ್ತದೆ, ಒಳಗೆ ಸಿಹಿ ಕೆಂಪು ಕಾಳಿನ ಹೂರಣ.

ಅರಿಮಾ

ಒಸಾಕಾ, ಕೋಬೆ ಕಡೆ ಮಾತ್ರ ಇರುವವರಿಗೆ. ಒಸಾಕಾದಿಂದ ಬಸ್ಸಿನಲ್ಲಿ ಒಂದು ಗಂಟೆ. ಅರ್ಧ ದಿನ ಸಾಕು. ಕಿನ್ ನೊ ಯು ಅನ್ನುವ ಸಾರ್ವಜನಿಕ ಕೊಳದ ನೀರು ಕಬ್ಬಿಣದಿಂದ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ, ಬಾಯಿಗೆ ತಾಗಿದರೆ ಉಪ್ಪು. ಹತ್ತಿರ ಜ್ವಾಲಾಮುಖಿ ಇಲ್ಲ. ಸಮುದ್ರತಳದ ಭೂಫಲಕ ಕೆಳಗೆ ಜಾರುವಾಗ ಬಿಟ್ಟ ನೀರು ಇದು ಅನ್ನುತ್ತಾರೆ ಭೂವಿಜ್ಞಾನಿಗಳು. ಕಟ್ಟಡದ ಹೊರಗೆ ಪುಕ್ಕಟೆ ಆಶಿಯು ಇದೆ. ಹನ್ನೆರಡು ನಿಮಿಷದ ರೋಪ್‌ವೇ ಹತ್ತಿದರೆ 931 ಮೀಟರಿನ ರೊಕ್ಕೊ ಬೆಟ್ಟ. ಅಲ್ಲಿಂದ ಕಾಣೋದು ಕೋಬೆ ಊರು, ಒಸಾಕಾ ಕೊಲ್ಲಿ. ಹಿಮದ ಶಿಖರದ ಆಸೆ ಇಟ್ಟುಕೊಂಡು ಹೋದರೆ ನಿರಾಸೆ ಆಗುತ್ತದೆ.

ಹಾಗಾದರೆ ಯಾರು ಎಲ್ಲಿಗೆ?

ದಿನ ಗಟ್ಟಿಯಾಗಿದೆ, ಬದಲಾಯಿಸಲು ಆಗುವುದಿಲ್ಲ, ಜೊತೆಗೆ ವಯಸ್ಸಾದವರು: ಹಕೋನೆ, ಯೋಚನೆಯೇ ಬೇಡ. ಇಬ್ಬರೇ ಸ್ನೇಹಿತರು, ಬಜೆಟ್ ಬಿಗಿ, ಚಳಿಗಾಲ, ಬೆಳಗ್ಗೆ ಆರಕ್ಕೇ ಎದ್ದು ಹೊರಡಬಲ್ಲಿರಿ ಅಂದರೆ ಕವಾಗುಚಿಕೊ. ಎರಡನೇ ಸಲ ಜಪಾನಿಗೆ ಹೋಗುವವರು, ತಕಾಯಾಮಾ ದಾರಿಯಲ್ಲಿರುವವರು ಒಕುಹಿದಾ ಬಿಡಬೇಡಿ. ಮೇ ತಿಂಗಳ ಶುರುವಿನ ಗೋಲ್ಡನ್ ವೀಕ್ ರಜೆಯಲ್ಲಿ ಸಿಕ್ಕಿಹಾಕಿಕೊಂಡರೆ ಹಕೋನೆ, ಕವಾಗುಚಿಕೊ ಎರಡೂ ಬೇಡ, ಆ ನೂಕುನುಗ್ಗಲಿಗಿಂತ ಅರಿಮಾದ ಅರ್ಧ ದಿನ ವಾಸಿ. ಪುಟ್ಟ ಮಕ್ಕಳಿದ್ದರೆ ಮತ್ತೆ ಹಕೋನೆಯೇ. ನೀರಿನ ಹುಚ್ಚು ಇದ್ದವರು ಕುಸಾತ್ಸುಗೆ ಒಂದು ರಾತ್ರಿ ಹೊಂದಿಸಿಕೊಳ್ಳಿ.

ಊಟದ ಬಗ್ಗೆ ಐದೂ ಜಾಗಕ್ಕೆ ಒಂದೇ ಮಾತು. ತರಕಾರಿ ನೂಡಲ್ಸ್ ಅಂತ ಕೊಟ್ಟರೂ ಸಾರಿಗೆ ಸಾಮಾನ್ಯವಾಗಿ ಒಣಮೀನಿನ ರಸ ಹಾಕಿರುತ್ತಾರೆ. ಕವಾಗುಚಿಕೊ ಕಡೆಯ ಕುಂಬಳಕಾಯಿ ಹಾಕಿದ ಹೋತೊ ನೂಡಲ್ಸ್ ಕೂಡ ಹಾಗೇ. ಕಟ್ಟುನಿಟ್ಟಿನವರು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಹೊಟ್ಟೆ ತುಂಬ ತಿಂದ ಕೂಡಲೇ ನೀರಿಗೆ ಇಳಿಯಬೇಡಿ. ಕೊಳದ ನೀರು 41, 42 ಡಿಗ್ರಿ ಇರುತ್ತದೆ, ಬಿಪಿ ಇರುವವರು ಐದು ಹತ್ತು ನಿಮಿಷಕ್ಕೆ ಎದ್ದು, ನಿಧಾನವಾಗಿ ಹೊರಗೆ ಬನ್ನಿ.

ಇನ್ನೊಂದು ವಿಷಯ, ನಮ್ಮ ಹೆಂಗಸರಿಗೆ. ಗಂಧಕದ ನೀರು ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಕುಸಾತ್ಸುವಿನಲ್ಲಿ ಖಂಡಿತ, ಹಕೋನೆಯ ಗಂಧಕದ ಕೊಳಗಳಲ್ಲೂ. ಕಾಲುಂಗುರ, ಗೆಜ್ಜೆ, ಮಗುವಿನ ಬೆಳ್ಳಿ ಉಡಿದಾರ ಎಲ್ಲವನ್ನೂ ರೂಮಿನಲ್ಲೇ ಬಿಟ್ಟು ಹೋಗಿ. ಒಡವೆಯ ಚಿನ್ನದಲ್ಲೂ ತಾಮ್ರ, ಬೆಳ್ಳಿ ಬೆರೆತಿರುತ್ತದೆ, ಮಂಕಾಗಬಹುದು. ಕಾಲುಂಗುರ ಬಿಗಿಯಾಗಿದ್ದರೆ ಹಿಂದಿನ ರಾತ್ರಿಯೇ ಸೋಪು ಹಚ್ಚಿ ತೆಗೆದಿಡಿ. ಸ್ನಾನದ ಮನೆಯ ಸಣ್ಣ ಸ್ಟೂಲಿನ ಮೇಲೆ ಕೂತು, ಹಿಂದೆ ಜನ ಕಾಯುತ್ತಿರುವಾಗ, ಅದು ಬರುವುದಿಲ್ಲ.